ಶಬ್ದ ಇಲ್ಲ ಎಂದ ಮೇಸ್ತ್ರಿ

ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಯಾರಾದರೂ ಕೂಗಿದಾಗ ಮಾತ್ರ ನೆನಪಾಗುತ್ತಿತ್ತು. ದೊಡ್ಡ ರಸ್ತೆಯ ಪಕ್ಕದಲ್ಲಿದ್ದ ಆ ತಗಡಿನ ಶೆಡ್ಡಿಗೆ ರಿಪೇರಿಗೆ ಬರುತ್ತಿದ್ದುದು ಮೋಟರ್‌ಹೋಮ್‌ಗಳು. ಹಿಂದುಗಡೆ ಮಂಚ, ಒಲೆ, ಕೈ ತೊಳೆಯುವ ತೊಟ್ಟಿ, ಗೋಡೆಗೆ ಬಡಿದ ಬೀರು, ಮುಂದುಗಡೆ ಸ್ಟೀರಿಂಗು. ಅಲ್ಲಿನ ಕೆಲಸಗಾರರ ಬಾಯಲ್ಲಿ ಅದು ಮನೆಗಾಡಿ. ನಿಂತ ಮನೆಯಲ್ಲೇ ಬಾಗಿಲ ತಿರುಪು ಸಡಿಲವಾಗುತ್ತದೆ ಎಂದಮೇಲೆ ಓಡುವ ಮನೆಯ ಪಾಡು ಕೇಳುವುದೇ ಬೇಡ. ಇಂಜಿನ್ನು ನೋಡಿಕೊಳ್ಳಲು ಬೇರೆಯವರಿದ್ದರು. ಒಳಗೆ ಅಲುಗುವುದು, ಕಟಕಟ ಎನ್ನುವುದು, ಕಳಚಿ ಕೈಗೆ ಬರುವುದು, ಅದರಲ್ಲೂ ಡ್ಯಾಶ್‌ಬೋರ್ಡಿನ ಯಾವ ತಕರಾರೇ ಆಗಲಿ, ಅದು ಮೇಸ್ತ್ರಿಯ ಪಾಲು.

ಡ್ಯಾಶ್‌ಬೋರ್ಡಿನ ಶಬ್ದ ಹುಡುಕುವುದು ತಲೆನೋವಿನ ಕೆಲಸ. ಬಲಗಡೆ ಅಲುಗಿದ್ದು ಎಡಗಡೆ ಕೇಳಿಸುತ್ತದೆ. ಗಾಳಿಯ ಕಿಂಡಿಯೇ ಕಳ್ಳ ಎಂದುಕೊಂಡು ಬಿಚ್ಚಿದರೆ ಸ್ಪೀಕರಿನ ಜಾಲರಿ ಒಳಗೊಳಗೇ ಕುಣಿಯುತ್ತಿರುತ್ತದೆ. ಹರೆಯದಲ್ಲಿ ಮೇಸ್ತ್ರಿ ಡ್ರೈವರ್ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಗಾಡಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಬೆರಳಿಟ್ಟು "ಇಲ್ಲಿ" ಎನ್ನುತ್ತಿದ್ದರು. ಬಿಚ್ಚಿದರೆ ಅಲ್ಲೇ. ಆ ಹೆಸರು ಅವರಿಗೆ ಬಂದದ್ದು ಹಾಗೆ.

ಕಿವಿ ಹೋಗತೊಡಗಿದ್ದು ಒಂದೇ ಸಲಕ್ಕಲ್ಲ. ಮೊದಲು ಬೆಳಗಿನ ಹಕ್ಕಿಗಳು ಸುಮ್ಮನಾದವು. ಮರ ಕಡಿದರೇನೋ ಎಂದುಕೊಂಡರು. ಆಮೇಲೆ ಕೈಗಡಿಯಾರ ಸದ್ದು ನಿಲ್ಲಿಸಿತು. ಸೆಲ್ ಹೋಗಿದೆ ಎಂದುಕೊಂಡರೆ ಮುಳ್ಳು ಓಡುತ್ತಲೇ ಇತ್ತು. ದಪ್ಪ ಶಬ್ದಗಳೆಲ್ಲ ಕೇಳಿಸುತ್ತಿದ್ದವು, ತೆಳ್ಳಗಿನವು ಮಾತ್ರ ಒಂದೊಂದಾಗಿ ಮನೆ ಬಿಟ್ಟು ಹೋದವು. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುವುದು ಅಭ್ಯಾಸವಾಯಿತು. ಅರ್ಥವಾಗದಿದ್ದರೆ ತಲೆ ಆಡಿಸಿದರಾಯಿತು. ಕೆಲಸವೂ ಹೇಗೋ ನಡೆಯುತ್ತಿತ್ತು. ಸಡಿಲವಾಗುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಗಾಡಿಗಳಲ್ಲೂ ಅವೇ; ಅಂಗೈ ಒತ್ತಿ ನೋಡಿದರೆ ಅದುರುವುದು ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿ ಕೂರುವುದನ್ನು ಮಾತ್ರ ಅವರು ಬಿಡಲಿಲ್ಲ. ಜನ ಅದನ್ನು ನೋಡಲೆಂದೇ ಬರುತ್ತಿದ್ದರು.

ಬಸ್ಸಮ್ಮ ಬಂದದ್ದು ಅಂಥ ಕಾಲದಲ್ಲಿ. ಆಕೆ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಮಕ್ಕಳು ಇಟ್ಟ ಆ ಹೆಸರನ್ನು ತಾವೇ ಹೇಳಿಕೊಂಡು ನಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದರು. ಹಳೆಯದೊಂದು ಮನೆಗಾಡಿ ಕೊಂಡು, ಬೇಸರವಾದಾಗಲೆಲ್ಲ ಸಮುದ್ರದ ಕಡೆಗೋ ಬೆಟ್ಟದ ಕಡೆಗೋ ಒಬ್ಬರೇ ಹೊರಟುಬಿಡುತ್ತಿದ್ದರು.

"ಡ್ಯಾಶ್‌ಬೋರ್ಡೆಲ್ಲ ಲಡಾಸು ಮೇಸ್ತ್ರಿ. ಸಾಮಾನು ಇಡೋ ಡಬ್ಬಿ ಮುಚ್ಚಳ ತಾನಾಗೇ ತೆಗೆದುಕೊಳ್ಳುತ್ತೆ, ಗಾಳಿ ಕಿಂಡಿ ಕೈಗೇ ಬರುತ್ತೆ. ಜೊತೆಗೆ ಮೀಟರ್ ಹಿಂದೆ ಏನೋ ಟಿಕ್ ಟಿಕ್ ಅನ್ನುತ್ತೆ," ಎಂದರು.

ಮೇಸ್ತ್ರಿ ಡಬ್ಬಿಯ ಹಿಂಜಿಗೆ ದಪ್ಪ ತಿರುಪು ಹಾಕಿದರು. ಕಿಂಡಿಯ ಮುರಿದ ಕ್ಲಿಪ್ಪು ಬದಲಿಸಿದರು. ಮೀಟರಿನ ಸುತ್ತಲ ಚೌಕಟ್ಟು ಬಿಚ್ಚಿ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕು ತಾಗುವ ಕಡೆಯಲ್ಲೆಲ್ಲ ಬಟ್ಟೆಪಟ್ಟಿ ಅಂಟಿಸಿ, ತಿರುಪುಗಳನ್ನು ಬಿಗಿ ಮಾಡಿದರು. ಬಸ್ಸಮ್ಮ ಸಂತೋಷವಾಗಿ ಹೋದರು, ಮಾರನೆಯ ದಿನವೇ ಮತ್ತೆ ಬಂದರು. ಉಳಿದದ್ದೆಲ್ಲ ಸರಿಯಾಗಿದೆ, ಆ ಟಿಕ್ ಟಿಕ್ ಮಾತ್ರ ಹೋಗಿಲ್ಲ.

ಮೇಸ್ತ್ರಿ ಪಕ್ಕದಲ್ಲಿ ಕೂತು ಹೋದರು. ಕಣ್ಣು ಮುಚ್ಚಿದರು. ಇಂಜಿನ್ನಿನ ಗುಂಯ್ ಬಿಟ್ಟರೆ ಬೇರೇನೂ ಇಲ್ಲ. "ಈಗ ಬಂತಲ್ಲ, ಈಗ," ಎಂದು ಬಸ್ಸಮ್ಮ ಹೇಳಿದಾಗಲೆಲ್ಲ "ಹೂಂ, ಹೂಂ" ಎಂದರು. ಶೆಡ್ಡಿಗೆ ಬಂದು ಚೌಕಟ್ಟು ಇನ್ನೊಮ್ಮೆ ಬಿಚ್ಚಿ, ಇನ್ನಷ್ಟು ಪಟ್ಟಿ ಅಂಟಿಸಿ ಕೊಟ್ಟರು.

ಮೂರನೆಯ ಸಲ ಆಕೆಯ ಹಿಂದೆಯೇ ತನ್ನ ಕಾರಿನಲ್ಲಿ ತಮ್ಮನೂ ಬಂದಿದ್ದ. ಅಕ್ಕ ಒಬ್ಬಳೇ ಊರೂರು ಸುತ್ತುವುದು ಅವನಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ಕೆಟ್ಟವನೇನಲ್ಲ, ಹೆದರುವ ಸ್ವಭಾವದವನು. ಮೂವರೂ ಹೊರಟರು. ತಮ್ಮ ಹಿಂದಿನ ಬೆಂಚಿನ ಮೇಲೆ ಕೂತಿದ್ದ. ಅಲ್ಲಿ ಪಾತ್ರೆಗಳ, ಬೀರುವಿನ ಬಾಗಿಲುಗಳ ಗದ್ದಲದಲ್ಲಿ ಮುಂದಿನ ಟಿಕ್ ಟಿಕ್ ಯಾರಿಗೂ ಕೇಳಿಸುವುದು ಸಾಧ್ಯವಿರಲಿಲ್ಲ. ಗಾಡಿ ನಿಂತಿತು. ಬಸ್ಸಮ್ಮ ಮೇಸ್ತ್ರಿಯ ಕಡೆ ತಿರುಗಿದರು.

"ಈಗಾದ್ರೂ ಕೇಳಿಸ್ತಲ್ಲ?"

"ನಂಗಂತೂ ಏನೂ ಕೇಳಿಸ್ಲಿಲ್ಲ ಅಕ್ಕ," ಎಂದು ತಮ್ಮ ಹಿಂದಿನಿಂದ ಎದ್ದು ಬಂದ. "ಮೇಸ್ತ್ರಿ, ನೀವೇ ಹೇಳಿ. ಶಬ್ದ ಇದೆಯಾ ಇಲ್ವಾ?"

ಇಬ್ಬರೂ ಅವರ ಮುಖವನ್ನೇ ನೋಡುತ್ತಿದ್ದರು. ಕಿಟಕಿಯಾಚೆ ಶೆಡ್ಡಿನ ಯಜಮಾನನೂ ಬಂದು ನಿಂತಿದ್ದ. ನನಗೆ ಕೇಳಿಸುತ್ತಿಲ್ಲ ಎಂಬ ಮಾತು ಮೇಸ್ತ್ರಿಯ ಗಂಟಲವರೆಗೂ ಬಂತು. ಅಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು.

"ಶಬ್ದ ಇಲ್ಲ. ಗಾಡಿ ಸರಿಯಾಗಿದೆ," ಎಂದರು.

"ಕೇಳ್ದ್ಯಾ ಅಕ್ಕ? ಕಿವಿ ಮೇಸ್ತ್ರಿ ಅನ್ನೋ ಹೆಸರಿರೋರೇ ಹೇಳ್ತಿದ್ದಾರೆ." ತಮ್ಮ ದನಿ ತಗ್ಗಿಸಿದ. "ಮೊನ್ನೆ ಒಲೆ ಆರಿಸೋದನ್ನೇ ಮರ್ತಿದ್ಲು ಮೇಸ್ತ್ರಿ. ಇನ್ನು ಒಬ್ಬಳನ್ನೇ ಗಾಡಿ ಓಡಿಸೋಕೆ ಬಿಡೋದು ಹೇಗೆ ಅಂತ ನಾವೂ ಯೋಚ್ನೆ ಮಾಡ್ತಾ ಇದೀವಿ."

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಹೇಳಿದ ಸುಳ್ಳಿಗೆ ಒಂದು ಗೂಟ ಹೊಡೆದು ನಿಲ್ಲಿಸಬೇಕು ಎನಿಸಿತೋ ಏನೋ, "ವಯಸ್ಸಾದ್ಮೇಲೆ ಕೆಲವ್ರಿಗೆ ಹಾಗಾಗುತ್ತೆ. ಇಲ್ಲದ ಶಬ್ದ ಕೇಳಿಸುತ್ತೆ," ಎಂದುಬಿಟ್ಟರು.

ಬಸ್ಸಮ್ಮ ವಾದ ಮಾಡಲಿಲ್ಲ. ಕೀ ತೆಗೆದು ತಮ್ಮನ ಅಂಗೈಯಲ್ಲಿಟ್ಟು ಇಳಿದರು. ಇಷ್ಟು ದೊಡ್ಡ ಗಾಡಿ ಅವನಿಗೆ ಓಡಿಸಲು ಬರುತ್ತಿರಲಿಲ್ಲ. "ಇಲ್ಲೇ ಇರ್ಲಿ. ಯಾರಾದ್ರೂ ಕೊಳ್ಳೋರಿದ್ರೆ ನೋಡಿ," ಎಂದು ಅವನು ಯಜಮಾನನಿಗೆ ಹೇಳಿ, ಗಾಡಿ ಸರಿಸಲು ಇನ್ನೊಂದು ಕೀ ಕಳಿಸಿಕೊಡುತ್ತೇನೆಂದು ಒಪ್ಪಿಕೊಂಡು, ಅಕ್ಕನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದ.

ಆ ರಾತ್ರಿ ಊಟ ಮೇಸ್ತ್ರಿಯ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಉಂಡರು. ಸಿಕ್ಕಿಬೀಳಲಿಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು. ಮುಂದೆ ಅವರನ್ನು ಹೆಚ್ಚು ಸುಟ್ಟದ್ದು ಅದೇ, ಅವತ್ತು ಚೆನ್ನಾಗಿ ಉಂಡಿದ್ದು.

ಶೆಡ್ಡಿನ ಒಂದು ಮೂಲೆಯಲ್ಲಿ ಸೀಟಿನ ಹೊದಿಕೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಎಲ್ಲರಿಗೂ ಅವಳು ಹೊಲಿಗೆಯಕ್ಕ. ಮಾರುವ ಗಾಡಿ ನೋಡಲು ಲಕ್ಷಣವಾಗಿರಲಿ ಎಂದು ಯಜಮಾನ ಬಸ್ಸಮ್ಮನ ಗಾಡಿಯ ಸೀಟುಗಳಿಗೆ ಹೊಸ ಹೊದಿಕೆ ಹಾಕಲು ಅವಳಿಗೆ ಹೇಳಿದ. ಗಾಡಿಯನ್ನು ಅವಳ ಮೂಲೆಯ ಹತ್ತಿರ ತಂದು ನಿಲ್ಲಿಸುವಾಗ ಜಾಗ ತೋರಿಸಲು ಅವಳೂ ಮುಂದುಗಡೆ ಕೂತಿದ್ದಳು. ಇಳಿದವಳೇ ಮೇಸ್ತ್ರಿಯನ್ನು ಕರೆದಳು.

"ಮೇಸ್ತ್ರಿ, ಇದೇನಿದು ಟಿಕ್ ಟಿಕ್? ಇಷ್ಟು ಜೋರಾಗಿದೆ. ಹೀಗೇ ಮಾರ್ತೀರಾ?"

ಮೇಸ್ತ್ರಿ ಹತ್ತಿರ ಬಂದರು. "ಎಲ್ಲಿ?" ಎಂದರು.

"ಎಲ್ಲಿ ಅಂದ್ರೆ? ಇಂಜಿನ್ ಆನ್ ಇದೆಯಲ್ಲ, ಬನ್ನಿ, ಕೂತು ಕೇಳಿ."

ಹೋಗಿ ಕೂತರು. ಅವಳು ಕಿಟಕಿಯ ಹೊರಗೆ ನಿಂತು, "ಈಗ... ಈಗ... ನೋಡಿ, ಮತ್ತೆ," ಎನ್ನುತ್ತಿದ್ದಳು. ಮೇಸ್ತ್ರಿ ಕಣ್ಣು ಮುಚ್ಚಲಿಲ್ಲ. ಮೀಟರಿನ ಮುಳ್ಳನ್ನೇ ನೋಡುತ್ತ ಕೂತರು. ಹೊಲಿಗೆಯಕ್ಕ ಮಾತು ನಿಲ್ಲಿಸಿದಳು. ಅವರ ಮುಖ ನೋಡಿದಳು.

"ನಿಮಗೆ ಕೇಳಿಸ್ತಾ ಇಲ್ಲ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಮೇಸ್ತ್ರಿ ಇಲ್ಲವೆಂದು ತಲೆ ಆಡಿಸಿದರು. ಎಷ್ಟೋ ವರ್ಷಗಳಲ್ಲಿ ಸರಿಯಾದ ಕಡೆ ತಲೆ ಆಡಿಸಿದ್ದು ಅದೇ ಮೊದಲು.

ಅವಳು ನಗಿಸಲು ನೋಡಿದಳು. "ನನ್ನ ಮೆಷಿನ್ನು ಎಣ್ಣೆ ಇಲ್ದೆ ಕಿರುಚುತ್ತೆ ಅಂತ ಶೆಡ್ಡಲ್ಲಿ ಎಲ್ಲಾರೂ ಬೈತಾರೆ. ನೀವೊಬ್ರೇ ಬೈದಿಲ್ಲ. ಎಷ್ಟು ಒಳ್ಳೆ ಮನುಷ್ಯ ಅಂದ್ಕೊಂಡಿದ್ದೆ."

ಮೇಸ್ತ್ರಿಗೆ ನಗು ಬರಲಿಲ್ಲ. ಶರ್ಟಿನ ತೋಳಿನಿಂದ ಹಣೆ ಒರೆಸಿಕೊಂಡು, "ಅಕ್ಕ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೋ. ನೀನು ಕೇಳು, ನಾನು ಹುಡುಕ್ತೀನಿ," ಎಂದರು.

ಸ್ಟೀರಿಂಗಿನ ಕೆಳಗಿನ ಹೊದಿಕೆ ಬಿಚ್ಚಿದರು. ಮೀಟರಿನ ಚೌಕಟ್ಟು ತೆಗೆದರು. ತಾವೇ ಅಂಟಿಸಿದ್ದ ಬಟ್ಟೆಪಟ್ಟಿಗಳು ಪದರ ಪದರವಾಗಿ ಕಂಡವು, ಗಾಯವೇ ಇಲ್ಲದ ಕಡೆ ಕಟ್ಟಿದ ಬ್ಯಾಂಡೇಜಿನಂತೆ. ಪೆಡಲುಗಳ ಹತ್ತಿರ ಅಂಗಾತ ಮಲಗಿ ಒಳಗೆ ಕೈ ತೂರಿಸಿದರು. ಇಂಜಿನ್ನು ಓಡುತ್ತಿತ್ತು. ಅವರು ಒಂದೊಂದನ್ನೇ ಅದುಮಿ ಹಿಡಿದು "ಈಗ?" ಎಂದು ಕೇಳುವುದು, ಹೊಲಿಗೆಯಕ್ಕ ಮೇಲಿನಿಂದ ಜೋರಾಗಿ "ಇನ್ನೂ ಇದೆ" ಎನ್ನುವುದು. ರೇಡಿಯೋದ ಹಿಂಭಾಗ, ಇನ್ನೂ ಇದೆ. ಗಾಳಿಯ ಕೊಳವೆ, ಇನ್ನೂ ಇದೆ. ಮೀಟರಿನ ಹಿಂದೆ ಬಹಳ ಒಳಕ್ಕೆ, ಮೊಳಕೈಯವರೆಗೂ ತೂರಿಸಿದಾಗ ವೈರುಗಳ ಕಟ್ಟೊಂದು ಕೈಗೆ ಸಿಕ್ಕಿತು. ಹಿಡಿದರು.

"ನಿಂತೋಯ್ತು," ಎಂದಳು.

ಇಂಜಿನ್ನು ಆರಿಸಿ, ಬ್ಯಾಟರಿಯ ತಂತಿ ಕಳಚಿ, ಟಾರ್ಚು ಹಿಡಿದು ನೋಡಿದರು. ಕಟ್ಟನ್ನು ಹಿಡಿದಿಟ್ಟುಕೊಳ್ಳುವ ಪ್ಲಾಸ್ಟಿಕ್ ಹಿಡಿ ಮುರಿದಿತ್ತು. ಜೋತುಬಿದ್ದ ವೈರುಗಳು ಅಲುಗಿದಾಗಲೆಲ್ಲ ಕಬ್ಬಿಣದ ಪಟ್ಟಿಯ ಅಂಚಿಗೆ ಬಡಿಯುತ್ತಿದ್ದವು. ಬಡಿದೂ ಬಡಿದೂ ಮೇಲಿನ ರಬ್ಬರು ತೇದು, ಒಳಗಿನ ತಾಮ್ರ ಹೊಳೆಯುತ್ತಿತ್ತು. ಇನ್ನು ಸ್ವಲ್ಪ ದಿನ ಓಡಿದ್ದರೆ ಡ್ಯಾಶ್‌ಬೋರ್ಡಿನಲ್ಲೇ ಹೊಗೆ ಏಳುತ್ತಿತ್ತು. ಹಿಂದೆ ಒಲೆಯ ಸಿಲಿಂಡರು. ಒಂಟಿ ಹೆಂಗಸು, ಬೆಟ್ಟದ ರಸ್ತೆ. ಮೇಸ್ತ್ರಿಗೆ ಅದರಾಚೆ ಯೋಚಿಸಲಾಗಲಿಲ್ಲ. ಆ ಪಟ್ಟಿಯ ಪಕ್ಕದ ತಿರುಪನ್ನು ಅವರೇ ಬಿಗಿ ಮಾಡಿದ್ದರು. ಕೈ ಒಂದು ಗೇಣು ಮುಂದೆ ಹೋಗಿರಲಿಲ್ಲ, ಅಷ್ಟೆ.

ತೇದ ವೈರುಗಳಷ್ಟನ್ನೂ ಕತ್ತರಿಸಿ ಹೊಸ ತುಂಡು ಸೇರಿಸಿ ಬೆಸೆದರು, ಮೇಲೆ ಕೊಳವೆ ತೊಡಿಸಿದರು. ಪಟ್ಟಿಯ ಚೂಪಾದ ಅಂಚನ್ನು ಅರದಿಂದ ಉಜ್ಜಿ ರಬ್ಬರು ಹಾಕಿದರು. ಕಟ್ಟಿಗೆ ಹೊಸ ಹಿಡಿ ಹಾಕಿ ಭದ್ರ ಮಾಡಿದರು. ತಾವು ಸುಮ್ಮನೆ ಅಂಟಿಸಿದ್ದ ಪಟ್ಟಿಗಳನ್ನೆಲ್ಲ ಕಿತ್ತು ಹಾಕಿದರು.

ಯಜಮಾನನಿಗೆ ವಿಷಯ ಹೇಳಿದಾಗ ಅವನು ಸುತ್ತಮುತ್ತ ನೋಡಿದ. "ಸರಿ ಆಯ್ತಲ್ಲ, ಬಿಡಿ. ಆಮೇಲೆ ಹೊಸದಾಗಿ ಸಡಿಲ ಆಯ್ತು ಅಂತ ಹೇಳಿದ್ರಾಯ್ತು. ನಿಮ್ಮ ಹೆಸರೂ ಉಳಿಯುತ್ತೆ, ನಮ್ಮ ಶೆಡ್ಡಿನ ಹೆಸರೂ ಉಳಿಯುತ್ತೆ," ಎಂದ. ಮೇಸ್ತ್ರಿ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬಿ ಹೊರಟರು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಬಹಳ ಸಮಂಜಸವಾಗಿ ಕಂಡಿತು ಎಂಬುದು ಅವರಿಗೇ ಅಸಹ್ಯವಾಯಿತು.

ಸಂಜೆ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಎದುರಿಗೆ ಕೂತು, "ನಂಗೆ ಕಿವಿ ಕೇಳಿಸಲ್ಲ ಕಣೇ," ಎಂದರು.

"ಗೊತ್ತು," ಎಂದಳು ಅವಳು, ಮಡಿಸುವುದನ್ನು ನಿಲ್ಲಿಸದೆ.

"ಯಾವಾಗಿಂದ?"

"ನಮ್ಮಕ್ಕ ಫೋನ್ ಮಾಡಿ ಅವ್ಳ ಮಾವ ಹೋಗ್ಬಿಟ್ರು ಅಂದಾಗ ತುಂಬಾ ಸಂತೋಷ ಅಂದ್ರಲ್ಲ, ಆಗಿಂದ. ಅವಳನ್ನ ಸಮಾಧಾನ ಮಾಡೋಕೆ ನಂಗೆ ಎಷ್ಟು ದಿನ ಹಿಡೀತು ಗೊತ್ತಾ?"

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

ಅವಳು ಒಂದು ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ನಿಮಗಿದ್ದಿದ್ದು ಅದೊಂದೇ ಹೆಸರು. ಅದನ್ನ ನಾನ್ಯಾಕೆ ಕಿತ್ಕೊಳ್ಳಲಿ? ನೀವಾಗೇ ಹೇಳ್ತೀರಿ ಅಂತ ಕಾದೆ."

ಬಾಗಿಲು ಬಡಿದರೆ ಇವರಿಗಿಂತ ಮೊದಲು ಅವಳು ಏಳುತ್ತಿದ್ದುದು, ನೆಂಟರ ಮಧ್ಯೆ ಪ್ರತಿ ಮಾತನ್ನೂ "ಏನಂದ್ರೆ, ಹೀಗಂತೆ" ಎಂದು ಇವರತ್ತ ತಿರುಗಿ ಇನ್ನೊಮ್ಮೆ ಹೇಳುತ್ತಿದ್ದುದು, ಎಲ್ಲ ಮೇಸ್ತ್ರಿಗೆ ಆಗ ಹೊಳೆಯಿತು. ತಮ್ಮ ಗುಟ್ಟನ್ನು ತಾವೊಬ್ಬರೇ ಕಾಯುತ್ತಿದ್ದೇವೆ ಎಂದುಕೊಂಡಿದ್ದರು. ಬಸ್ಸಮ್ಮನ ವಿಷಯ ಹೇಳಿದರು. ಹೆಂಡತಿ ಬೈಯಲಿಲ್ಲ. "ಅಯ್ಯೋ, ಆಕೆ ತಮ್ಮದೇ ತಲೆ ಬಗ್ಗೆ ಏನಂದ್ಕೊಂಡ್ರೋ," ಎಂದಳು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಮೇಸ್ತ್ರಿ ಬಸ್ಸಮ್ಮನ ತಮ್ಮನ ಮನೆಗೆ ಹೋದರು. ಮೆಟ್ಟಿಲು ಹತ್ತಿ ಬೆಲ್ ಒತ್ತಿದರು. ಅದು ಹೊಡೆಯಿತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಪಕ್ಕದ ಕಿಟಕಿ ತೆರೆದಿತ್ತು. ಒಳಗೆ ಬಸ್ಸಮ್ಮ ಕುರ್ಚಿಯಲ್ಲಿ ಕೂತಿದ್ದರು, ಅವರ ನಾದಿನಿ, ತಮ್ಮನ ಹೆಂಡತಿ, ಮೇಜು ಒರೆಸುತ್ತಿದ್ದಳು. ಮೇಸ್ತ್ರಿ ಇನ್ನೊಮ್ಮೆ ಒತ್ತಿದರು. ಬಸ್ಸಮ್ಮ ತಲೆ ಎತ್ತಿದರು. ಆದರೆ ಏಳಲಿಲ್ಲ. ಮೊದಲು ನಾದಿನಿಯ ಮುಖ ನೋಡಿದರು. ನಾದಿನಿಯೂ ಬಾಗಿಲ ಕಡೆ ತಿರುಗಿದ ಮೇಲೆ, ಬೆಲ್ ನಿಜವಾಗಿಯೂ ಆಗಿದೆ ಎಂದು ಖಾತ್ರಿ ಮಾಡಿಕೊಂಡು, ಕುರ್ಚಿಯಿಂದ ಎದ್ದರು.

ಮೇಸ್ತ್ರಿಗೆ ಅಲ್ಲಿಂದಲೇ ಓಡಿಹೋಗಬೇಕು ಎನಿಸಿತು. ಅಷ್ಟರಲ್ಲಿ ಬಾಗಿಲು ತೆರೆಯಿತು.

ತಮ್ಮನೂ ಮನೆಯಲ್ಲಿದ್ದ. ಕೂರಿ ಎಂದರೂ ಮೇಸ್ತ್ರಿ ಕೂರಲಿಲ್ಲ. ಹೇಳಬೇಕಾದ್ದನ್ನು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದರು, ಒಂದೂ ನೆನಪಾಗಲಿಲ್ಲ.

"ಅಮ್ಮ, ಶಬ್ದ ಇತ್ತು. ನೀವು ಹೇಳಿದ ಜಾಗದಲ್ಲೇ ಇತ್ತು. ನಂಗೆ ಕಿವಿ ಕೇಳಿಸಲ್ಲ. ತುಂಬಾ ದಿನದಿಂದ ಕೇಳಿಸಲ್ಲ. ಅದನ್ನ ಮುಚ್ಚಿಡೋಕೆ ನಿಮ್ಮ ಮೇಲೆ ಹಾಕ್ದೆ."

ತೇದುಹೋದ ವೈರಿನ ತುಂಡನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ಅದನ್ನು ಎತ್ತಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಬಸ್ಸಮ್ಮ ಅದನ್ನು ಮುಟ್ಟಲಿಲ್ಲ.

"ಕೇಳಿಸಲಿಲ್ಲ ಅಂದಿದ್ರೆ ಸಾಕಿತ್ತಲ್ಲ ಮೇಸ್ತ್ರಿ," ಎಂದರು ನಿಧಾನವಾಗಿ. "ಇಲ್ಲ ಅಂತ ಯಾಕೆ ಹೇಳಿದ್ರಿ?"

ಉತ್ತರಕ್ಕೆ ಕಾಯದೆ ಬಸ್ಸಮ್ಮ ಕುರ್ಚಿಯಲ್ಲಿ ಕೂತರು.

"ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರು ನನ್ನ. ಇವತ್ತು ಯಾವ ವಾರ, ನೂರರಿಂದ ಹಿಂದಕ್ಕೆ ಎಣಿಸಿ ಅಂತೆಲ್ಲ ಕೇಳಿದ್ರು. ಎಲ್ಲಾ ಸರಿಯಾಗೇ ಹೇಳ್ದೆ. ಆದ್ರೂ ಮನೆಗೆ ಬಂದು ಯೋಚ್ನೆ ಮಾಡ್ದೆ, ಸರಿಯಾಗಿ ಹೇಳ್ದೆ ಅಂತ ನಂಗೆ ಅನ್ನಿಸ್ತಿದೆಯೋ, ನಿಜವಾಗ್ಲೂ ಹೇಳಿದ್ನೋ ಅಂತ."

ನಾದಿನಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಭೂಮಿ ಬಾಯಿ ಬಿಟ್ಟರೆ ಸಾಕು ಎಂದು ಮೇಸ್ತ್ರಿ ಹೊಳೆಯುವ ನೆಲವನ್ನೇ ನೋಡುತ್ತ ನಿಂತರು. "ಕೀ ಅವ್ರಿಗೆ ಕೊಟ್ಬಿಡಿ ಸ್ವಾಮಿ," ಎಂದರು ತಮ್ಮನಿಗೆ. "ಅವತ್ತು ನನ್ನ ಮಾತು ನಂಬಿ ತಗೊಂಡ್ರಿ. ಇವತ್ತು ನನ್ನ ಮಾತು ನಂಬಿ ಕೊಡಿ."

"ನಿಮ್ಮ ಯಾವ ಮಾತು ನಂಬ್ಲಿ ಮೇಸ್ತ್ರಿ?" ಎಂದ ತಮ್ಮ. ಕೋಪದಿಂದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ. "ಶಬ್ದದ ವಿಷಯ ಹೋಗ್ಲಿ. ಒಲೆ ಆರಿಸೋದು ಮರ್ತಿದ್ದು ನಿಜ ತಾನೆ?"

"ನೀನು ಕಳೆದ ವಾರ ಕಾರಿನ ಲೈಟ್ ಆರಿಸೋದು ಮರ್ತೆ. ನಿನ್ನ ಕೀ ಯಾರು ತಗೊಂಡ್ರು?" ಎಂದರು ಬಸ್ಸಮ್ಮ. ಆಮೇಲೆ ಕೈ ಚಾಚಿ, ಗಲಾಟೆ ಮಾಡುವ ಮಕ್ಕಳನ್ನು ಕೂರಿಸುತ್ತಿದ್ದ ದನಿಯಲ್ಲಿ, "ಕೊಡು," ಎಂದರು. ತಮ್ಮ ಎದ್ದು ಒಳಗೆ ಹೋಗಿ ಕೀ ತಂದುಕೊಟ್ಟ. ಕೊಡುವಾಗ ಅವನ ಕೈ ಒಂದು ಗಳಿಗೆ ತಡೆದದ್ದನ್ನು ಎಲ್ಲರೂ ನೋಡಿದರು.

ಅಂದೇ ಬಸ್ಸಮ್ಮ ಶೆಡ್ಡಿಗೆ ಬಂದು ಗಾಡಿ ಹೊರತೆಗೆದರು. ಮೇಸ್ತ್ರಿ ಪಕ್ಕದಲ್ಲಿ ಕೂತರು. ಹಳ್ಳದಿಣ್ಣೆಯ ರಸ್ತೆಯಲ್ಲಿ ಹೋಗಿ, ತಿರುಗಿಸಿಕೊಂಡು ಬಂದು, ರಸ್ತೆ ಪಕ್ಕದಲ್ಲಿ ನಿಲ್ಲಿಸಿದರು.

"ಈಗ ಶಬ್ದ ಇದೆಯಾ ಮೇಸ್ತ್ರಿ?"

"ನಂಗೆ ಗೊತ್ತಾಗಲ್ಲಮ್ಮ. ನೀವೇ ಹೇಳ್ಬೇಕು."

ಆಕೆ ಬಹಳ ಹೊತ್ತು ಕಿವಿಗೊಟ್ಟು ಕೂತರು. ಮೊದಲಾಗಿದ್ದರೆ ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ. "ಇಲ್ಲ," ಎಂದರು ಕೊನೆಗೆ, ಆದರೆ ಅದನ್ನು ಹೇಳುವ ಮುಂಚೆ ಒಂದು ಸಲ ಮೇಸ್ತ್ರಿಯ ಮುಖ ನೋಡಿದರು. ಬೆಲ್ ಆದಾಗ ನಾದಿನಿಯ ಮುಖ ನೋಡಿದ ಹಾಗೇ. ಗಾಡಿ ಸರಿಯಾಗಿತ್ತು. ಆಕೆಯೊಳಗೆ ತಾವು ಸಡಿಲ ಮಾಡಿಟ್ಟ ಇನ್ನೊಂದನ್ನು ಬಿಗಿ ಮಾಡುವ ಸಾಮಾನು ಮೇಸ್ತ್ರಿಯ ಪೆಟ್ಟಿಗೆಯಲ್ಲಿರಲಿಲ್ಲ.

ಹೆಂಡತಿ ಅವರನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿಗೆ ಮಿಷನ್ನು ಬಂತು. ಮೊದಲ ದಿನಗಳಲ್ಲಿ ಚಮಚ ತಟ್ಟೆಗೆ ತಾಗಿದರೂ ಬೆಚ್ಚಿಬೀಳುತ್ತಿದ್ದರು. ಶೆಡ್ಡಿನಲ್ಲಿ ತಾವಾಗಿಯೇ ಎಲ್ಲರಿಗೂ ಹೇಳಿದರು. ಯಾರೂ ನಗಲಿಲ್ಲ, ನಗದೆ ಇದ್ದದ್ದೇ ಕಷ್ಟವಾಯಿತು. ಸೂಕ್ಷ್ಮ ಶಬ್ದಗಳಿಗೆ ಮಿಷನ್ನು ಸಾಲದು. ಅಂಥ ಗಾಡಿ ಬಂದಾಗ ಹೊಲಿಗೆಯಕ್ಕನನ್ನು ಕರೆದು ಕೂರಿಸಿ, ಗಿರಾಕಿಯ ಎದುರಿಗೇ, "ಇವ್ಳು ಕೇಳ್ತಾಳೆ, ನಾನು ಬಿಗಿ ಮಾಡ್ತೀನಿ," ಎನ್ನುತ್ತಿದ್ದರು. ಹಳೆಯ ಅಡ್ಡಹೆಸರು ಮಾತ್ರ ಹೋಗಲಿಲ್ಲ. ಹಳೆಯ ಗಿರಾಕಿಗಳು ದೂರದಿಂದಲೇ "ಏನ್ ಕಿವಿ ಮೇಸ್ತ್ರಿ" ಎಂದು ಕೂಗುತ್ತಿದ್ದರು. ಪ್ರತಿ ಸಲ ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರು ಒಂದು ಕ್ಷಣ ನಿಲ್ಲುತ್ತಿತ್ತು.

ಬಸ್ಸಮ್ಮ ಮತ್ತೆ ಆ ಶೆಡ್ಡಿಗೆ ಬರಲಿಲ್ಲ. ಗಾಡಿಯನ್ನು ಬೇರೆಲ್ಲೋ ತೋರಿಸುತ್ತಾರೆ ಎಂದು ಯಾರೋ ಹೇಳಿದರು.

ಒಂದು ಬೆಳಿಗ್ಗೆ ಮೇಸ್ತ್ರಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ಬಂಕಿಗೆ ಹೋದಾಗ ಆ ಗಾಡಿ ಡೀಸೆಲ್ ತುಂಬಿಸಿಕೊಳ್ಳುತ್ತ ನಿಂತಿತ್ತು. ಸ್ಟೀರಿಂಗಿನಲ್ಲಿ ಬಸ್ಸಮ್ಮ, ಪಕ್ಕದಲ್ಲಿ ನಾದಿನಿ. ಹಿಂದಿನ ಕಿಟಕಿಯಲ್ಲಿ ಹೊಸ ಪರದೆ. ನಾದಿನಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಎಲ್ಲಿಗೋ ದೂರ ಹೊರಟ ಹಾಗಿತ್ತು. ಹೋಗಿ ಮಾತಾಡಿಸಬೇಕು, ಡ್ಯಾಶ್‌ಬೋರ್ಡು ಹೇಗಿದೆಯಮ್ಮ ಎಂದಾದರೂ ಕೇಳಬೇಕು ಎಂದು ಮೇಸ್ತ್ರಿ ನಾಲ್ಕು ಹೆಜ್ಜೆ ಹೋದರು. ಬಸ್ಸಮ್ಮ ಆ ನಗುಮುಖದಲ್ಲೇ ಈ ಕಡೆ ತಿರುಗುವಂತೆ ಕಂಡರು. ತಮ್ಮನ್ನು ಕಂಡರೆ ಆ ಮುಖ ಏನಾಗುತ್ತದೋ ಎಂಬ ಹೆದರಿಕೆಯಲ್ಲಿ ಮೇಸ್ತ್ರಿ ಗಾಳಿ ತುಂಬುವ ಯಂತ್ರದ ಮರೆಗೆ ಸರಿದು, ಗಾಡಿ ಬಂಕು ದಾಟಿ ರಸ್ತೆಗೆ ಇಳಿಯುವವರೆಗೂ ಅಲ್ಲೇ ನಿಂತರು.